ಒಂದೇ ಸುಳ್ಳು, ಉಳಿದದ್ದೆಲ್ಲ ಲೆಕ್ಕ: ಮುಂಬಯಿಯಲ್ಲಿ ಕೂತು ವಿಜ್ಞಾನ ಕಥೆ ಬರೆಯುವ ಬಗೆ

ಕಕುದ್ಮಿ ಎಂಬ ರಾಜ ಮಗಳು ರೇವತಿಗೆ ಯಾವ ವರ ಸರಿ ಎಂದು ಕೇಳಲು ಅವಳನ್ನೂ ಕರೆದುಕೊಂಡು ಬ್ರಹ್ಮಲೋಕಕ್ಕೆ ಹೋದ. ಅಲ್ಲಿ ಸಂಗೀತ ನಡೆದಿತ್ತು, ಮುಗಿಯಲಿ ಎಂದು ಸ್ವಲ್ಪ ಹೊತ್ತು ಕಾದ. ಆಮೇಲೆ ಕೇಳಿದರೆ ಬ್ರಹ್ಮ ನಕ್ಕ. ನೀನು ನೆನೆದುಕೊಂಡು ಬಂದ ವರರು ಯಾರೂ ಈಗಿಲ್ಲ, ಕೆಳಗೆ 27 ಚತುರ್ಯುಗ ಕಳೆದವು ಎಂದ. ಒಂದು ಚತುರ್ಯುಗಕ್ಕೆ 43,20,000 ವರ್ಷ. ಒಟ್ಟು 11 ಕೋಟಿ 66 ಲಕ್ಷ ವರ್ಷದ ಮೇಲೆ.

ಇಷ್ಟಕ್ಕೆ ನಿಂತಿದ್ದರೆ ಅದು ಬರೀ ಬೆರಗು. ಪುರಾಣ ಹೇಳಿದವನು ಮುಂದಕ್ಕೂ ಯೋಚಿಸಿದ್ದಾನೆ. ಯುಗ ಕಳೆದ ಹಾಗೆ ಮನುಷ್ಯರು ಕುಳ್ಳಾಗುತ್ತಾ ಬಂದಿದ್ದರು. ಹಾಗಾಗಿ ತಿರುಗಿ ಬಂದ ರೇವತಿ ಮದುಮಗ ಬಲರಾಮನಿಗಿಂತ ಎಷ್ಟೋ ಎತ್ತರ. ಅವನು ನೇಗಿಲ ತುದಿಯಿಂದ ಅವಳನ್ನು ತಗ್ಗಿಸಿಕೊಳ್ಳಬೇಕಾಯಿತು. ಮೇಲಿನ ಲೋಕದ ಗಡಿಯಾರ ಬೇರೆ ಎಂದು ಒಪ್ಪಿಕೊಂಡ ಮೇಲೆ ಮದುವೆ ಮಂಟಪದಲ್ಲಿ ಹೆಣ್ಣಿನ ಎತ್ತರ ಎಷ್ಟು ಎಂಬಲ್ಲಿಯವರೆಗೆ ಹೋಗುವುದಿದೆಯಲ್ಲ, ವಿಜ್ಞಾನ ಕಥೆಯ ರುಚಿ ಇರುವುದು ಅಲ್ಲೇ. ರಾಕೆಟ್ಟು, ರೋಬೋಟು, ಲೇಸರ್ ಎಲ್ಲ ಬಾಳೆಲೆಯ ತುದಿಗೆ ಬಡಿಸುವ ಉಪ್ಪು.

ಪುರಾಣಕ್ಕೂ ವಿಜ್ಞಾನ ಕಥೆಗೂ ಒಂದು ವ್ಯತ್ಯಾಸ ಮಾತ್ರ ಬಿಡುವ ಹಾಗಿಲ್ಲ. ಅಲ್ಲಿ ಬ್ರಹ್ಮ ಹೇಳಿದ, ಮುಗಿಯಿತು. ಇಲ್ಲಿ ವೇಗ ಎಷ್ಟು ಎಂದು ಹೇಳಬೇಕು. ಬೆಳಕಿನ ವೇಗದ 99.5 ಶೇಕಡಾದಲ್ಲಿ ಹೋಗುವ ನೌಕೆಯಲ್ಲಿ 1 ವರ್ಷ ಕಳೆದರೆ ಭೂಮಿಯಲ್ಲಿ 10 ವರ್ಷ ಕಳೆಯುತ್ತದೆ. ಈ ಅಂಕಿ ಕಥೆಯಲ್ಲಿ ಬಾರದಿದ್ದರೂ ಬರೆಯುವವರ ತಲೆಯಲ್ಲಿ ಇರಬೇಕು. ಹೊರಗೆ ಹೋದವಳು ಎರಡು ವರ್ಷದಲ್ಲಿ ತಿರುಗಿ ಬಂದಾಗ ಅವಳ ತಮ್ಮನಿಗೆ ಎಷ್ಟು ವಯಸ್ಸು ಎಂಬುದು ಈ ಅಂಕಿಯಿಂದಲೇ ಹುಟ್ಟುತ್ತದೆ.

ಸುಳ್ಳನ್ನು ಆರಿಸುವುದು

ಒಂದು ಕಥೆಗೆ ಒಂದೇ ಸುಳ್ಳು, ಅಂದರೆ ನಿಜ ಲೋಕದಲ್ಲಿ ಇಲ್ಲದ ಒಂದು ಹೊಸ ವಸ್ತು. ಡಾರ್ಕೊ ಸುವಿನ್ ಎಂಬ ವಿಮರ್ಶಕರು ಇದನ್ನು ‘ನೋವಮ್’ ಎಂದು ಕರೆದರು. ನಮಗೆ ಸುಳ್ಳು ಎಂದರೂ ಸಾಕು. ಅದನ್ನು ‘ಒಂದು ವೇಳೆ’ ಎಂದು ಶುರುಮಾಡಿ ಹದಿನೈದು ಪದದೊಳಗೆ ಬರೆಯಿರಿ. ಬರೆದ ವಾಕ್ಯದಲ್ಲಿ ಒಂದು ಅಂಕಿ ಇದ್ದರೆ ಅರ್ಧ ಕೆಲಸ ಆದಂತೆ. ‘ಒಂದು ವೇಳೆ ಮನುಷ್ಯ ನಿದ್ರೆಯನ್ನು ಗೆದ್ದರೆ’ ಎಂಬುದು ಭಾಷಣದ ವಿಷಯ. ‘ಒಂದು ವೇಳೆ ದಿನಕ್ಕೆ 2 ಗಂಟೆ ನಿದ್ರೆ ಸಾಕಾಗುವ ಗುಳಿಗೆ ಬಂದರೆ’ ಎಂಬುದು ಕಥೆಯ ವಿಷಯ. ಎರಡರ ನಡುವೆ ಇರುವುದು ಒಂದು ಅಂಕಿ, ಆದರೆ ಅದರಿಂದಲೇ ಮುಂದಿನ ಲೆಕ್ಕವೆಲ್ಲ ಸಾಧ್ಯ.

ಸುಳ್ಳು ಎಲ್ಲಿ ಸಿಗುತ್ತದೆ ಎಂದು ಕೇಳುವವರು ಸಾಮಾನ್ಯವಾಗಿ ಆಕಾಶದ ಕಡೆ ನೋಡುತ್ತಾರೆ. ಮುಂಬಯಿಯಲ್ಲಿ ಇರುವವರಿಗೆ ಅಷ್ಟು ದೂರ ಹೋಗುವ ಅಗತ್ಯವಿಲ್ಲ. 1906ರಲ್ಲಿ ದೇಶಕ್ಕೆಲ್ಲ ಒಂದು ಸಮಯ ಬಂದ ಮೇಲೂ ಈ ಊರು 1955ರವರೆಗೆ ತನ್ನದೇ ‘ಬಾಂಬೆ ಟೈಮ್’ ಇಟ್ಟುಕೊಂಡಿತ್ತು, ಸುಮಾರು 39 ನಿಮಿಷ ಹಿಂದೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಗೆ 944 ಮಿ.ಮೀ. ಮಳೆ ಸುರಿಯಿತು. ಮಳೆಗಾಲದಲ್ಲಿ 4.5 ಮೀಟರ್ ಮೀರಿದ ಉಬ್ಬರ ಇದ್ದ ದಿನ ಜೋರು ಮಳೆಯೂ ಬಂದರೆ ಚರಂಡಿಯ ನೀರು ಸಮುದ್ರಕ್ಕೆ ಇಳಿಯುವುದಿಲ್ಲ, ದಾದರ್ ಬಳಿಯ ತಗ್ಗು ಜಾಗ ಹಿಂದ್‌ಮಾತಾ ಮುಳುಗುತ್ತದೆ. ಹೀಗೆ ಊರು ನಂಬಿಕೊಂಡಿರುವ ಒಂದು ನಿಯಮವನ್ನು ಹಿಡಿದು, ಅದರ ಒಂದು ಅಂಕಿಯನ್ನು ಬದಲಿಸಿ ನೋಡಿ.

ಬದಲಿಸುವಾಗ ಒಂದು ಎಚ್ಚರ. ಅಂಕಿಗಳು ಒಂಟಿಯಾಗಿ ಬದುಕುವುದಿಲ್ಲ. ಚಂದ್ರನ ಸರಾಸರಿ ದೂರ 3,84,400 ಕಿ.ಮೀ. ಅದನ್ನು ಅರ್ಧಕ್ಕೆ ಇಳಿಸಿದರೆ ಉಬ್ಬರ ತರುವ ಬಲ ಎರಡು ಪಟ್ಟಾಗುತ್ತದೆ ಎಂದು ಬರೆದವರು ಹಲವರು. ಅದು ದೂರದ ಘನಕ್ಕೆ ವಿಲೋಮ, ಆದ್ದರಿಂದ ಎಂಟು ಪಟ್ಟು. ಅಷ್ಟೇ ಅಲ್ಲ, ಹತ್ತಿರ ಬಂದ ಚಂದ್ರ ಬೇಗ ಸುತ್ತುತ್ತಾನೆ. ಹುಣ್ಣಿಮೆ ಹತ್ತು ದಿನಕ್ಕೊಮ್ಮೆ ಬರುತ್ತದೆ. ಸಂಕಷ್ಟಿಯೂ ಹತ್ತು ದಿನಕ್ಕೊಮ್ಮೆ. ಪ್ರಭಾದೇವಿಯ ಸಿದ್ಧಿವಿನಾಯಕದ ಸಾಲು ಎಲ್ಲಿಯವರೆಗೆ ಹೋಗುತ್ತದೆ ಎಂದು ಊಹಿಸಿಕೊಳ್ಳಿ. (ಆ ಹೊತ್ತಿಗೆ ಪ್ರಭಾದೇವಿ ನೀರಿನ ಮೇಲೆ ಇದ್ದರೆ.)

ಇಲ್ಲಿಂದ ಮುಂದೆ ನಿದ್ರೆಯ ಗುಳಿಗೆಯನ್ನೇ ಹಿಡಿದು ಹೋಗೋಣ. ಹೋಟೆಲು, ಲೋಕಲ್ ಗಾಡಿ, ಖೋಲಿ (ಬಾಡಿಗೆ ಕೋಣೆ) ಮೂರನ್ನೂ ಬಲ್ಲ ಕನ್ನಡಿಗರಿಗೆ ಇದಕ್ಕಿಂತ ಹತ್ತಿರದ ವಸ್ತು ಸಿಗದು.

ಸುಳ್ಳಿಗೆ ಬೆಲೆ ಕಟ್ಟಿ

ಮೊದಲು ಸುಳ್ಳಿನ ಕಾಲು ಊರುವುದಕ್ಕೆ ಒಂದು ಚೂರು ನಿಜದ ನೆಲ ಬೇಕು. 2009ರಲ್ಲಿ ಸಂಶೋಧಕರು ಡಿಇಸಿ2 ಎಂಬ ಜೀನ್‌ನಲ್ಲಿ ಒಂದು ಮಾರ್ಪಾಟು ಇದ್ದ ತಾಯಿ ಮಗಳ ಬಗ್ಗೆ ಬರೆದರು. ಇಬ್ಬರಿಗೂ ಆರು ಗಂಟೆಯ ಆಸುಪಾಸು ನಿದ್ರೆ ಸಾಕಾಗುತ್ತಿತ್ತು, ಹಗಲು ತೂಕಡಿಕೆ ಇರಲಿಲ್ಲ. ಇಷ್ಟು ನಿಜ. ಅದನ್ನು ಎರಡು ಗಂಟೆಗೆ ಇಳಿಸಿ ಗುಳಿಗೆಯೊಳಗೆ ತುಂಬಿದ್ದು ನಿಮ್ಮ ಸುಳ್ಳು. ಕಾಫಿಯಿಂದ ಇದನ್ನು ಬೇರೆ ಮಾಡಿ ತೋರಿಸಿ: ಕೆಫೀನ್ ನಿದ್ರೆಯ ಅಗತ್ಯವನ್ನು ಕಡಿಮೆ ಮಾಡುವುದಿಲ್ಲ, ಮಿದುಳಿನಲ್ಲಿ ಅಡೆನೊಸಿನ್ ಎಂಬ ರಾಸಾಯನಿಕ ಕೂರುವ ಜಾಗದಲ್ಲಿ ತಾನು ಕೂತು ದಣಿವಿನ ಸುದ್ದಿ ಮುಟ್ಟದಂತೆ ತಡೆಯುತ್ತದೆ ಅಷ್ಟೆ. ನಿದ್ರೆಯ ಸಾಲ ಸಾಲವಾಗಿಯೇ ಉಳಿಯುತ್ತದೆ. ನಿಮ್ಮ ಗುಳಿಗೆ ಸಾಲವನ್ನೇ ತೀರಿಸುತ್ತದೆ.

ಈಗ ಬೆಲೆ. ಏನೂ ಕಳೆದುಕೊಳ್ಳದೆ ಸಿಗುವ ವರದಿಂದ ಕಥೆ ಹುಟ್ಟುವುದಿಲ್ಲ; ಅದು ಜಾಹೀರಾತು. ಬೆಲೆಯನ್ನು ವಿಜ್ಞಾನದಿಂದಲೇ ಹೆಕ್ಕಿ ತೆಗೆದರೆ ಒಳ್ಳೆಯದು. ಮಕ್ಕಳಲ್ಲಿ ಬೆಳವಣಿಗೆಯ ಹಾರ್ಮೋನು ಹೆಚ್ಚಾಗಿ ಹರಿಯುವುದು ಗಾಢ ನಿದ್ರೆಯಲ್ಲಿ. ಹಾಗಾದರೆ ಗುಳಿಗೆ ತಿಂದ ಮಕ್ಕಳು ಬೆಳೆಯುವುದಿಲ್ಲ. ಹಾಗಾದರೆ ಹದಿನೆಂಟರೊಳಗಿನವರಿಗೆ ಗುಳಿಗೆ ನಿಷೇಧ. ಹಾಗಾದರೆ ರಾತ್ರಿ ಇಡೀ ಊರಿನಲ್ಲಿ ಮಲಗಿರುವವರು ಮಕ್ಕಳು ಮಾತ್ರ. ಒಂದು ‘ಹಾಗಾದರೆ’ ಇನ್ನೊಂದನ್ನು ಎಳೆದು ತರುವುದನ್ನು ಗಮನಿಸಿ. ಹೀಗೆ ತಾನಾಗಿ ಬಂದದ್ದು ಕಥೆಯಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ. ‘ಗುಳಿಗೆಯಿಂದ ಕೆಲವರಿಗೆ ಹುಚ್ಚು ಹಿಡಿಯಿತು’ ಎಂದು ಮೇಲಿಂದ ಅಂಟಿಸಿದ್ದು ಒಂದೇ ಪುಟದಲ್ಲಿ ಕಳಚಿ ಬೀಳುತ್ತದೆ.

ಮೂರು ಸುತ್ತು

1853ರ ಏಪ್ರಿಲ್ 16ರಂದು ಬೋರಿಬಂದರ್‌ನಿಂದ ಠಾಣೆಗೆ 34 ಕಿ.ಮೀ. ರೈಲು ಓಡಿತು. ಆ ದಿನ ನಿಂತು ನೋಡಿದವರಲ್ಲಿ ಯಾರಾದರೂ ‘ಮುಂದೆ ಜನ ದೂರದಿಂದ ಕೆಲಸಕ್ಕೆ ಬರುತ್ತಾರೆ’ ಎಂದಿದ್ದರೆ ಅದು ಮೊದಲ ಸುತ್ತು, ಅಷ್ಟು ಯಾರಿಗೂ ಹೊಳೆಯುತ್ತದೆ. ‘ಅವರ ಮಧ್ಯಾಹ್ನದ ಊಟ ಮನೆಯಲ್ಲಿ ಉಳಿದುಹೋಗುತ್ತದೆ, ಅದನ್ನು ಹೊತ್ತು ತರಲು ಬೇರೆಯೇ ಜನ ಬೇಕಾಗುತ್ತದೆ’ ಎಂದಿದ್ದರೆ ಎರಡನೆಯದು; ಡಬ್ಬಾವಾಲಾಗಳು ಬಂದದ್ದು 1890ರ ಸುಮಾರಿಗೆ. ‘ಮೂವರು ಕೂರುವ ಸೀಟಿನಲ್ಲಿ ನಾಲ್ಕನೆಯವನಿಗೆ ಅರ್ಧ ಕುಂಡೆಯಷ್ಟು ಜಾಗ ಬಿಡುವುದು ಶಿಷ್ಟಾಚಾರ ಆಗುತ್ತದೆ, ಅದನ್ನು ಕೇಳಲು ಮಾತೂ ಬೇಡ, ಕೈ ಸನ್ನೆ ಸಾಕು’ ಎಂದಿದ್ದರೆ ಮೂರನೆಯ ಸುತ್ತು. ಓದುವವರು ‘ಹೌದಲ್ಲ!’ ಎನ್ನುವುದು ಮೂರನೆಯ ಸುತ್ತಿಗೆ. ಹೆಚ್ಚಿನ ಹಸ್ತಪ್ರತಿಗಳು ಮೊದಲ ಸುತ್ತಿನಲ್ಲೇ ಉಸಿರು ಬಿಡುತ್ತವೆ.

ಮಾಡುವುದು ಹೀಗೆ. ಒಂದು ಅಗಲ ಕಾಗದ ತೆಗೆದುಕೊಳ್ಳಿ. ನಡುವೆ ಸುಳ್ಳನ್ನು ಬರೆಯಿರಿ. ಸುತ್ತ ಆರು ಪದ: ಊಟ, ಮನೆ, ಓಡಾಟ, ದುಡ್ಡು, ಮಕ್ಕಳು, ದೇವರು. ಒಂದೊಂದರ ಮುಂದೂ ‘ಆಮೇಲೆ?’ ಎಂದು ಮೂರು ಸಲ ಕೇಳಿ, ಉತ್ತರ ಬರೆಯುತ್ತಾ ಹೋಗಿ. ಹದಿನೆಂಟು ಉತ್ತರ ಆಗುತ್ತವೆ. ಮೊದಲ ಆರು ಎಲ್ಲರಿಗೂ ಹೊಳೆಯುವಂಥವು, ಹೊಡೆದುಹಾಕಿ. ಕೊನೆಯ ಆರರಲ್ಲಿ ಎರಡೋ ಮೂರೋ ಉಳಿಯುತ್ತವೆ. ಒಂದು ಕಥೆಗೆ ಅಷ್ಟು ಸಾಕು.

ನಮ್ಮ ಗುಳಿಗೆಗೆ ‘ಮನೆ’ ಎಂಬ ಪದದಡಿ ಏನಾಗುತ್ತದೆ ನೋಡಿ. ಪಾಳಿಯ ಮೇಲೆ ಮಂಚ ಹಂಚಿಕೊಳ್ಳುವುದು ಈ ಊರಿಗೆ ಹೊಸತಲ್ಲ. ಎಂಟು ಗಂಟೆ ನಿದ್ರೆಯ ಲೆಕ್ಕದಲ್ಲಿ ಒಂದು ಮಂಚಕ್ಕೆ ದಿನಕ್ಕೆ ಮೂವರು. ಎರಡು ಗಂಟೆಯಾದರೆ ಹನ್ನೆರಡು ಮಂದಿ. ಆಮೇಲೆ? ಬಾಡಿಗೆ ನಾಲ್ಕನೇ ಒಂದಕ್ಕೆ ಇಳಿಯಬೇಕು. ಇಳಿಯುತ್ತದೆಯೇ? ಮುಂಬಯಿಯ ಖೋಲಿ ಮಾಲೀಕರನ್ನು ಬಲ್ಲವರು ಹೂಂ ಎನ್ನಲಾರರು. ತಿಂಗಳ ಬಾಡಿಗೆ ಹೋಗಿ ಗಂಟೆಯ ಬಾಡಿಗೆ ಬರುತ್ತದೆ, ನಸುಕಿನ ಎರಡು ಗಂಟೆಗೆ ಒಂದು ದರ, ನಡುಹಗಲಿಗೆ ಇನ್ನೊಂದು. ಆಮೇಲೆ? ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಹೋಗಿ ಚೀಟಿ ಇದ್ದಷ್ಟು ಹೊತ್ತು ಕಾಲು ಚಾಚು ಎಂದಾಗುತ್ತದೆ. ತನ್ನದೇ ಮಂಚ ಎಂಬುದು ಯಾರಿಗೂ ಇಲ್ಲದ ಮೇಲೆ ತಲೆದಿಂಬಿನಡಿ ಮನೆಯವರ ಫೋಟೊ ಇಡುವುದು ಎಲ್ಲಿ?

ಈ ಕೊನೆಯ ಪ್ರಶ್ನೆ ಬಂದಾಗ ನಿಲ್ಲಿ. ಅದು ಕಥೆ.

‘ಓಡಾಟ’ದಡಿ ಇನ್ನೊಂದು. ರಾತ್ರಿ ಒಂದರ ಸುಮಾರಿಗೆ ಲೋಕಲ್ ನಿಂತು ನಾಲ್ಕರ ಹೊತ್ತಿಗೆ ಮತ್ತೆ ಹೊರಡುತ್ತದೆ. ನಡುವಿನ ಆ ಹೊತ್ತು ಹಳಿ, ತಂತಿ, ಸಿಗ್ನಲ್ ರಿಪೇರಿಯದು. ಅದು ಸಾಲದೆ ಭಾನುವಾರ ಹಗಲೇ ಗಾಡಿ ತಡೆದು ರಿಪೇರಿ ಮಾಡುವ ಮೆಗಾ ಬ್ಲಾಕ್. ಊರು ಮಲಗದಿದ್ದರೆ ಮೂರು ಗಂಟೆಯ ಆ ಬಿಡುವೂ ಇರುವುದಿಲ್ಲ. ಆಗ ಹಳಿ ಯಾವಾಗ ನೋಡುವುದು? ಮಂಗಳವಾರ ಮಧ್ಯಾಹ್ನ ಮೆಗಾ ಬ್ಲಾಕ್ ಎಂಬ ಒಂದು ಸಾಲು ಸಾಕು. ಡೊಂಬಿವಲಿಯ ಓದುಗರು ಉಳಿದದ್ದನ್ನು ತಾವೇ ತುಂಬಿಕೊಳ್ಳುತ್ತಾರೆ.

ಚೀಟಿಯ ಹಿಂದಿನ ಲೆಕ್ಕ

ಹೋಟೆಲಿನ ಬಿಲ್ಲಿನ ಹಿಂಭಾಗದಲ್ಲಿ ಮುಗಿಯುವಷ್ಟು ಲೆಕ್ಕ ಹಾಕಿದರೆ ಸಾಕು. ನಿಖರ ಬೇಡ. ಹತ್ತು ಲಾರಿಯೇ, ನೂರು ಲಾರಿಯೇ, ಸಾವಿರವೇ ಎಂಬುದು ತಿಳಿದರೆ ಆಯಿತು.

‘ಊಟ’ದ ಲೆಕ್ಕ ಮಾಡೋಣ. ಮಲಗಿರುವ ದೇಹ ಗಂಟೆಗೆ ಕಿಲೋ ತೂಕಕ್ಕೆ ಸುಮಾರು 1 ಕಿಲೋಕ್ಯಾಲರಿ ಖರ್ಚು ಮಾಡುತ್ತದೆ. ನಿಂತು ಸಣ್ಣಪುಟ್ಟ ಕೆಲಸ ಮಾಡಿದರೆ 2. ತೂಕ 60 ಕಿಲೋ ಎಂದಿಟ್ಟುಕೊಂಡರೆ ಗಂಟೆಗೆ 60 ಹೆಚ್ಚು. ನಿದ್ರೆಯಿಂದ ಉಳಿದ 6 ಗಂಟೆಗೆ 360 ಕಿಲೋಕ್ಯಾಲರಿ. ನೂರು ಗ್ರಾಂ ಅಕ್ಕಿಯಲ್ಲಿ ಸುಮಾರು 350 ಇರುತ್ತದೆ. ಅಂದರೆ ನಿದ್ರೆ ಬಿಟ್ಟ ಒಬ್ಬೊಬ್ಬರಿಗೂ ದಿನಕ್ಕೆ ನೂರು ಗ್ರಾಂ ಅಕ್ಕಿಯ ಊಟ ಹೆಚ್ಚು ಬೇಕು.

2011ರ ಜನಗಣತಿಯಲ್ಲಿ ಬೃಹನ್ಮುಂಬಯಿಯ ಜನಸಂಖ್ಯೆ 1 ಕೋಟಿ 24 ಲಕ್ಷ. ಮಕ್ಕಳನ್ನೂ ವಯಸ್ಸಾದವರನ್ನೂ ಬಿಟ್ಟು 80 ಲಕ್ಷ ಮಂದಿ ಗುಳಿಗೆ ತಿಂದರು ಎಂದುಕೊಳ್ಳಿ. 80 ಲಕ್ಷ ಸಲ ನೂರು ಗ್ರಾಂ, 800 ಟನ್. ಹತ್ತು ಟನ್ನಿನ ಲಾರಿಯಾದರೆ 80 ಲಾರಿ, ದಿನವೂ, ವಾಶಿಯ ಮಾರುಕಟ್ಟೆಗೆ.

ಈ ಲೆಕ್ಕ ಕಥೆಯೊಳಗೆ ಒಂದು ಸಾಲೂ ಬರಬೇಕಿಲ್ಲ. ಆದರೆ ಅದು ಒಂದು ವಿಷಯ ಹೇಳಿಕೊಟ್ಟಿತು: ಊರಿಗೆ ನಾಲ್ಕನೆಯ ಊಟವೊಂದು ಹುಟ್ಟುತ್ತದೆ. ರಾತ್ರಿ ಮೂರು ಗಂಟೆಯ ಊಟ. ಅದಕ್ಕೊಂದು ಹೆಸರು ಬೇಕು, ಅದಕ್ಕೊಂದು ತಿಂಡಿ ಬೇಕು, ಅದನ್ನು ಬೇಯಿಸಲು ಭಟ್ಟರು ಬೇಕು. ಉಡುಪಿ ಹೋಟೆಲಿನವರಿಗೆ ಈ ಗುಳಿಗೆ ಲಾಭ ತರುತ್ತದೆ ಎಂಬುದು ಲೆಕ್ಕಕ್ಕೆ ಮುಂಚೆ ಗೊತ್ತಿರಲಿಲ್ಲ. ಅಂದಮೇಲೆ ಹೋಟೆಲಿನ ದಣಿ ಗುಳಿಗೆಯ ಪರ, ಅವರ ಹುಡುಗರು ಅದನ್ನು ನುಂಗಬೇಕಾದವರು. ಪಾತ್ರಗಳ ನಡುವಿನ ಜಗ್ಗಾಟ ಅಕ್ಕಿಯ ಲೆಕ್ಕದಿಂದ ಎದ್ದು ಬಂತು.

ಬಾಹ್ಯಾಕಾಶಕ್ಕೆ ಹೋಗಿಯೇ ತೀರುತ್ತೇನೆ ಎನ್ನುವವರು ಕೆಲವು ಅಂಕಿಗಳನ್ನು ನೋಟುಬುಕ್ಕಿನ ಒಳಹೊದಿಕೆಯಲ್ಲಿ ಬರೆದಿಟ್ಟುಕೊಳ್ಳಲಿ. ಚಂದ್ರನಿಗೆ ರೇಡಿಯೊ ಸುದ್ದಿ ಮುಟ್ಟಲು 1.3 ಸೆಕೆಂಡು, ಮಂಗಳಕ್ಕೆ, ಅದು ಎಲ್ಲಿದೆ ಎಂಬುದರ ಮೇಲೆ, 3ರಿಂದ 22 ನಿಮಿಷ. ಆದ್ದರಿಂದ ಮಂಗಳದಲ್ಲಿರುವ ಮಗನೂ ಮುಲುಂಡ್‌ನ ತಾಯಿಯೂ ಫೋನಿನಲ್ಲಿ ಜಗಳ ಆಡಲಾರರು, ಪತ್ರದಲ್ಲಿ ಮಾತ್ರ ಆಡಬಹುದು. ಅತಿ ಹತ್ತಿರದ ನಕ್ಷತ್ರ ಪ್ರಾಕ್ಸಿಮಾ 4.24 ಬೆಳಕಿನ ವರ್ಷ ದೂರ; ಸೆಕೆಂಡಿಗೆ 17 ಕಿ.ಮೀ. ಓಡುವ ವಾಯೇಜರ್ 1 ನೌಕೆಯ ವೇಗದಲ್ಲಿ ಹೋದರೆ 75,000 ವರ್ಷ ಹಿಡಿಯುತ್ತದೆ. ತಿರುಗುವ ಬಾಹ್ಯಾಕಾಶ ನಿಲ್ದಾಣದಲ್ಲಿ ಭೂಮಿಯ ಮೇಲಿದ್ದಷ್ಟೇ ತೂಕ ಬರಬೇಕಾದರೆ, ನಿಮಿಷಕ್ಕೆ ಎರಡು ಸುತ್ತು ಎಂದಿಟ್ಟುಕೊಂಡರೆ, ತ್ರಿಜ್ಯ 224 ಮೀಟರ್. ನಿರ್ವಾತದಲ್ಲಿ ಸ್ಫೋಟದ ಸದ್ದು ಕೇಳಿಸುವುದಿಲ್ಲ. ಇದನ್ನು ಇನ್ನೂ ಹೇಳಬೇಕಾಗಿ ಬರುವುದೇ ಬೇಸರ.

ವಿಜ್ಞಾನವನ್ನು ಕಣ್ಣಾರೆ ನೋಡಿ ಬರುವುದೂ ಕೆಲಸದ ಭಾಗ. ವರ್ಲಿಯ ನೆಹರೂ ತಾರಾಲಯ 1977ರಿಂದ ಇದೆ, ಹತ್ತಿರದಲ್ಲೇ ವಿಜ್ಞಾನ ಕೇಂದ್ರ. ಪುಣೆಯಿಂದ ಉತ್ತರಕ್ಕೆ 80 ಕಿ.ಮೀ., ನಾರಾಯಣಗಾಂವ್ ಬಳಿಯ ಖೋಡದ್‌ನಲ್ಲಿ ಜಿಎಂಆರ್‌ಟಿ ರೇಡಿಯೊ ದೂರದರ್ಶಕ: 30 ತಟ್ಟೆಗಳು, ಒಂದೊಂದರ ವ್ಯಾಸ 45 ಮೀಟರ್, ಕೆಲವು ಒಟ್ಟಿಗೆ, ಉಳಿದವು ಮೂರು ದಿಕ್ಕಿಗೆ ಚಾಚಿಕೊಂಡು. ಅಲ್ಲಿ ನಿಂತಾಗ ನೋಡಬೇಕಾದದ್ದು ತಟ್ಟೆಯ ಗಾತ್ರವನ್ನಲ್ಲ. ಆಕಾಶದ ಸಣ್ಣ ಪಿಸುಮಾತು ಕೇಳಬೇಕಾದರೆ ಸುತ್ತಲಿನ ರೇಡಿಯೊ ಗದ್ದಲ ತಗ್ಗಬೇಕು. ಆ ತಟ್ಟೆಗಳು ನಿಂತಿರುವುದು ಜನ ಬೆಳೆ ತೆಗೆದು ಬದುಕುವ ಹಳ್ಳಿಗಳ ನಡುವೆ. ಊರಿನ ಬದುಕೂ ಆಕಾಶದ ಸದ್ದೂ ಒಂದೇ ಗಾಳಿಯನ್ನು ಹಂಚಿಕೊಳ್ಳುವ ಜಾಗ ಅದು, ಒಂದು ಕಥೆಗಿಂತ ಹೆಚ್ಚೇ ಅಲ್ಲಿದೆ.

ಇದು ಯಾರ ಕಥೆ?

ಸುಳ್ಳು ಯಾರಿಗೆ ಹೆಚ್ಚು ನೋಯುತ್ತದೋ ಅವರ ಕಥೆ. ಗುಳಿಗೆ ಕಂಡುಹಿಡಿದ ವಿಜ್ಞಾನಿಯದ್ದಲ್ಲ, ಮಂತ್ರಿಯದ್ದಲ್ಲ. ಅವರಿಗೆ ಎಲ್ಲ ಗೊತ್ತಿರುತ್ತದೆ. ಎಲ್ಲ ಗೊತ್ತಿರುವವರು ಬಾಯಿ ತೆರೆದರೆ ಉಪನ್ಯಾಸ ಶುರುವಾಗುತ್ತದೆ.

ಮೇಲೆ ಕಟ್ಟಿದ ಬೆಲೆಯನ್ನು ನೆನಪಿಸಿಕೊಳ್ಳಿ: ಹದಿನೆಂಟರೊಳಗಿನವರು ತಿಂದರೆ ಬೆಳೆಯುವುದಿಲ್ಲ. ಮಾಟುಂಗಾದ ಒಂದು ಹೋಟೆಲಿಗೆ ಊರಿಂದ ಬಂದ ಹದಿನಾರರ ಹುಡುಗ. ಗುಳಿಗೆ ತಿಂದವರಿಗೆ ಎರಡು ಪಾಳಿಯ ಸಂಬಳ. ವಯಸ್ಸು ಹದಿನೆಂಟು ಎಂದು ಹೇಳಿ ಸೇರಿಕೊಳ್ಳುತ್ತಾನೆ. ಕಥೆ ನಿಂತಿತು. ಇನ್ನು ಖಳನಾಯಕ ಬೇಡ, ಪೊಲೀಸರ ಬೆನ್ನಟ್ಟುವಿಕೆ ಬೇಡ.

ಎರಡೂವರೆ ಸಾವಿರ ಪದದ ಕಥೆಗೆ ಪಾತ್ರ ಮೂರು, ಜಾಗ ಎರಡು. ಹುಡುಗ, ಅಡುಗೆಯ ಭಟ್ಟರು, ಊರಿನಿಂದ ಫೋನ್ ಮಾಡುವ ಅಕ್ಕ. ಹೋಟೆಲಿನ ಹಿಂಭಾಗ ಮತ್ತು ಮಂಚದ ಖೋಲಿ. ನಾಲ್ಕನೆಯ ಪಾತ್ರ ಬಂದರೆ ಯಾರೋ ಒಬ್ಬರು ಬರೀ ವಿವರಣೆ ಕೇಳುವುದಕ್ಕೆ ಬಂದಿದ್ದಾರೆ ಎಂದೇ ಅರ್ಥ.

ಮೊದಲ ಪುಟ

ಹೀಗೆ ಶುರುಮಾಡಿದರೆ ಕೆಟ್ಟಿತು:

‘ಕ್ರಿ.ಶ. 2087. ವಿಜ್ಞಾನ ಅಪಾರವಾಗಿ ಮುಂದುವರಿದಿತ್ತು. ಮಾನವನು ನಿದ್ರೆಯ ಮೇಲೆ ವಿಜಯ ಸಾಧಿಸಿದ್ದನು.’

ಕೆಡುವುದಕ್ಕೆ ಕಾರಣ, ಓದುವವರು ತಾವೇ ಕಂಡುಕೊಳ್ಳಬೇಕಾದದ್ದನ್ನು ಮುಂಚೆಯೇ ಕೈಗೆ ಇಟ್ಟದ್ದು. ಈ ಬಗೆಯ ಕಥೆ ಓದುವವರಿಗೆ ಅರ್ಧ ಸುಖ ಒಗಟು ಬಿಡಿಸುವುದರಲ್ಲಿದೆ. ಬದಲಿಗೆ ಹೀಗೆ ನೋಡಿ:

‘ಮೂರರ ಇಡ್ಲಿಗೆ ಸಾಲು ಶುರುವಾಗುವ ಮೊದಲು ಸುಧಾಕರ ಕಿಸೆಯಿಂದ ಮಂಚದ ಚೀಟಿ ತೆಗೆದು ಇನ್ನೊಮ್ಮೆ ನೋಡಿಕೊಂಡ. ನಾಲ್ಕೂ ಹತ್ತರಿಂದ ಆರೂ ಹತ್ತು. ಅವನಿಗಿಂತ ಮುಂಚಿನವನು ಕಾರ್ಕಳದವನು, ಎಬ್ಬಿಸಿದರೆ ಏಳುವ ಪೈಕಿ ಅಲ್ಲ. ದಿನಾ ಹತ್ತು ನಿಮಿಷ ತಿಂದುಹಾಕುತ್ತಿದ್ದ.’

ಗುಳಿಗೆಯ ಹೆಸರಿಲ್ಲ, ಇಸವಿ ಇಲ್ಲ. ಆದರೆ ರಾತ್ರಿ ಮೂರಕ್ಕೆ ಇಡ್ಲಿಗೆ ಸಾಲು ಏಕೆ, ಮಂಚಕ್ಕೆ ಚೀಟಿ ಏಕೆ, ಹತ್ತು ನಿಮಿಷಕ್ಕೆ ಇಷ್ಟು ಸಂಕಟ ಏಕೆ ಎಂದು ಮೂರು ಪ್ರಶ್ನೆ ಎದ್ದವು. ಪಾತ್ರಕ್ಕೆ ಇದು ಯಾವುದೂ ಹೊಸತಲ್ಲ, ಅವನಿಗೆ ಅದು ನಿತ್ಯದ ಕಿರಿಕಿರಿ. ಹೊಸ ವಸ್ತುವಿನ ಬಗ್ಗೆ ಪಾತ್ರ ಗೊಣಗಿದರೆ ಓದುವವರು ನಂಬುತ್ತಾರೆ, ಬೆರಗುಪಟ್ಟರೆ ಅನುಮಾನಿಸುತ್ತಾರೆ. ವಿರಾರ್ ಫಾಸ್ಟ್‌ನಲ್ಲಿ ನಿಂತವರು ಯಾರೂ ‘ಆಹಾ, ವಿದ್ಯುತ್ತಿನಿಂದ ಓಡುವ ಗಾಡಿ!’ ಎನ್ನುವುದಿಲ್ಲವಲ್ಲ.

ವಿವರಣೆ ಎಲ್ಲಿಯಾದರೂ ಒಂದು ಕಡೆ ಬೇಕೇ ಬೇಕು. ಒಂದು ಜಾಗದಲ್ಲಿ ನೂರೈವತ್ತು ಪದ ಮೀರಬಾರದು, ಅದೂ ಕಥೆಯ ಮೂರನೇ ಒಂದು ಭಾಗ ದಾಟಿದ ಮೇಲೆ. ಅಷ್ಟು ಹೊತ್ತಿಗೆ ಓದುವವರಿಗೆ ತಿಳಿಯುವ ಹಸಿವು ಆಗಿರುತ್ತದೆ. ಸಂಭಾಷಣೆಯಲ್ಲಿ ತುರುಕುವುದು ಇನ್ನೂ ಅಪಾಯ. ‘ನಿನಗೆ ಗೊತ್ತೇ ಇದೆಯಲ್ಲ ಸುಧಾಕರ, ಈ ಗುಳಿಗೆ ತಿಂದರೆ ಬೆಳವಣಿಗೆಯ ಹಾರ್ಮೋನು...’ ಎಂದು ಅಡುಗೆಯ ಭಟ್ಟರು ಸಾಂಬಾರಿಗೆ ಒಗ್ಗರಣೆ ಹಾಕುತ್ತಾ ಹೇಳುವುದಿಲ್ಲ. ಗೊತ್ತಿದ್ದ ಮೇಲೆ ಹೇಳುವುದೇಕೆ? ಅದೇ ಸಂಗತಿ ಹೀಗೂ ಬರಬಹುದು:

‘ನಿಂಗೆ ವರ್ಷ ಎಷ್ಟಾ?’

‘ಹದಿನೆಂಟು, ಭಟ್ರೇ.’

‘ಹೋದ ವರ್ಷವೂ ಹದಿನೆಂಟೇ ಅಂದಿದ್ದಿ.’

ಭಟ್ಟರು ಮತ್ತೆ ಮಾತಾಡಲಿಲ್ಲ. ಊರಿಂದ ಬರುವಾಗ ಅಕ್ಕ ಹೊಲಿಸಿಕೊಟ್ಟ ಪ್ಯಾಂಟು. ಬೆಳೆಯುವ ಹುಡುಗ, ಎರಡು ಇಂಚು ಮಡಚಿ ಹೊಲಿಯಿರಿ ಅಂದಿದ್ದಳಂತೆ. ಆ ಮಡಿಕೆ ಇನ್ನೂ ಬಿಚ್ಚಿರಲಿಲ್ಲ.

ಹಾರ್ಮೋನು ಎಂಬ ಪದ ಬರಲಿಲ್ಲ. ಎರಡು ಇಂಚು ಮಡಿಕೆ ಅಷ್ಟೂ ಹೇಳಿತು.

ಹೆಸರಿಡುವುದು

ಕನ್ನಡದಲ್ಲಿ ಬರೆಯುವವರು ಸೋಲುವುದು ಹೆಚ್ಚಾಗಿ ಇಲ್ಲಿ. ಗುಳಿಗೆಗೆ ‘ನಿದ್ರಾನಿವಾರಕ ವಟಿಕೆ’ ಎಂದು ಹೆಸರಿಟ್ಟ ಕೂಡಲೇ ಕಥೆ ಪಠ್ಯಪುಸ್ತಕವಾಗುತ್ತದೆ. ಹೊಸ ವಸ್ತುವಿಗೆ ಮೂರು ಹೆಸರು ಬೇಕು. ಕಂಪನಿ ಇಟ್ಟದ್ದು ಒಂದು, ಸರ್ಕಾರಿ ಕಾಗದದಲ್ಲಿರುವುದು ಒಂದು, ಜನ ಕರೆಯುವುದು ಒಂದು. ಕಥೆಯಲ್ಲಿ ಓಡಾಡಬೇಕಾದದ್ದು ಮೂರನೆಯದು. ಹೋಟೆಲಿನ ಹುಡುಗರು ಇದನ್ನು ಏನೆಂದು ಕರೆದಾರು? ‘ಶಿವರಾತ್ರಿ’ ಎಂದೇ ಕರೆದಾರು. ‘ಒಂದು ಶಿವರಾತ್ರಿ ಹಾಕಿ ಬಾ, ಪಾಳಿ ಉಂಟು.’ ಜಾಗರಣೆಯ ನೆನಪು, ತಮಾಷೆ, ಸ್ವಲ್ಪ ಕಹಿ, ಎಲ್ಲ ಒಂದೇ ಪದದಲ್ಲಿ ಬಂತು. ಓದುವವರಿಗೆ ಅಡಿಟಿಪ್ಪಣಿ ಬೇಕಾಗಲಿಲ್ಲ.

ಊರಿನ ಮಾತನ್ನು ತೊಳೆದು ಒಣಗಿಸಬೇಡಿ. ಗಾಡಿ, ಫಾಸ್ಟ್, ಖೋಲಿ, ಕಟಿಂಗ್, ಗಲ್ಲೆ, ಸಪ್ಲಾಯರ್ ಇವು ಮುಂಬಯಿ ಕನ್ನಡದ ಸ್ವಂತ ಆಸ್ತಿ. ಮರಾಠಿ ಪದ ತಾನಾಗಿ ಬರುವಲ್ಲಿ ಬರಲಿ. ಆದರೆ 2087ರ ಹುಡುಗನ ಬಾಯಲ್ಲಿ ಇಂದಿನ ಫೋನಿನ ಆ್ಯಪ್ ಹೆಸರು ಹಾಕಬೇಡಿ. ಅದು ಐದು ವರ್ಷದಲ್ಲಿ ಹಳಸುತ್ತದೆ. ಇಡ್ಲಿ ಹಳಸುವುದಿಲ್ಲ, ಈ ಅರ್ಥದಲ್ಲಿ.

ಕೆಡುವ ಜಾಗಗಳು

ಮೊದಲ ಕರಡು ಮುಗಿದ ಮೇಲೆ ಎರಡು ವಾರ ಮುಟ್ಟಬೇಡಿ. ಆಮೇಲೆ ಕೆಂಪು ಪೆನ್ನು ಹಿಡಿದು ಮೊದಲು ಎರಡನೆಯ ಸುಳ್ಳನ್ನು ಹುಡುಕಿ. ಹೆಚ್ಚಿನ ಕಥೆಗಳಲ್ಲಿ ಅದು ಮುಕ್ಕಾಲು ಭಾಗ ಆದ ಮೇಲೆ ನುಸುಳಿರುತ್ತದೆ. ಕಥೆ ಸಿಕ್ಕಿಹಾಕಿಕೊಂಡಿತು, ಬಿಡಿಸಲು ಹೊಸ ಯಂತ್ರ ಬಂತು. ಗುಳಿಗೆಯ ಕಥೆಯಲ್ಲಿ ಕೊನೆಗೆ ಹುಡುಗನನ್ನು ಬೆಳೆಸುವ ಇನ್ನೊಂದು ಗುಳಿಗೆ ಸಿಕ್ಕಿದರೆ ಮೊದಲ ಪುಟದಿಂದ ಕಟ್ಟಿದ ಬೆಲೆಯೆಲ್ಲ ಮನ್ನಾ. ಓದುವವರಿಗೆ ಮೋಸ ಹೋದ ಹಾಗಾಗುತ್ತದೆ, ಏಕೆಂದು ಅವರಿಗೆ ಹೇಳಲು ಬರದಿದ್ದರೂ.

ಕೊನೆಗೆ ‘ಎಚ್ಚರವಾಯಿತು, ಎಲ್ಲ ಕನಸು’ ಎನ್ನುವುದು ಯಾವ ಕಥೆಗೂ ಸಲ್ಲ. ನಿದ್ರೆಯ ಕಥೆಗಂತೂ ಅಪಚಾರ. ‘ಇದೆಲ್ಲ ನಮ್ಮ ಪುರಾಣದಲ್ಲೇ ಇತ್ತು’ ಎಂದು ಪಾತ್ರವೊಂದು ಎದೆ ತಟ್ಟಿಕೊಳ್ಳುವುದೂ ಬೇಡ. ಪುರಾಣದಿಂದ ತೆಗೆದುಕೊಳ್ಳಬೇಕಾದದ್ದು ವಿಮಾನವನ್ನಲ್ಲ, ರೇವತಿಯ ಎತ್ತರ ಅಳೆದ ಆ ಕಣ್ಣನ್ನು.

ಕಥೆ ಅಮೆರಿಕದಲ್ಲಿ ನಡೆಯುತ್ತಿದ್ದರೆ ಏಕೆ ಎಂದು ಕೇಳಿಕೊಳ್ಳಿ. ಉತ್ತರ ‘ವಿಜ್ಞಾನ ಅಲ್ಲೇ ನಡೆಯುವುದು’ ಎಂದಾದರೆ 1945ರಲ್ಲಿ ಹುಟ್ಟಿ ಈಗ ಕೊಲಾಬಾದಲ್ಲಿರುವ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಕಡೆಗೊಮ್ಮೆ ನಡೆದು ಬನ್ನಿ. ಇಷ್ಟಕ್ಕೂ ಎರಡು ಇಂಚಿನ ಮಡಿಕೆ ಕಾಣುವುದು ನಿಮಗೆ ಗೊತ್ತಿರುವ ಊರಿನಲ್ಲಿ ಮಾತ್ರ.

ಅಂಕಿ ತಪ್ಪಿದರೆ ತಿದ್ದಿ, ಆದರೆ ಅಂಕಿಯ ಹೆಮ್ಮೆಗೆ ಕಥೆಯನ್ನು ಬಲಿ ಕೊಡಬೇಡಿ. 80 ಲಾರಿಯ ಲೆಕ್ಕ ಹಾಕಿದವರಿಗೆ ಅದನ್ನು ಎಲ್ಲಾದರೂ ತೋರಿಸಬೇಕು ಎಂಬ ತುರಿಕೆ ಇದ್ದೇ ಇರುತ್ತದೆ. ವಾಶಿಯ ಕಡೆಯಿಂದ ಲಾರಿಗಳ ಸಾಲು ತಡವಾಯಿತು, ಇಡ್ಲಿ ಅಕ್ಕಿ ಬರಲಿಲ್ಲ ಎಂದು ಒಂದು ಸಾಲು ಬರೆದು ತುರಿಸಿಕೊಳ್ಳಿ, ಸಾಕು.

ಓದಿಸುವುದು, ಕಳಿಸುವುದು

ಜಯಂತ ನಾರಳೀಕರರು ಆಗಲೇ ಹೆಸರಾದ ಖಗೋಳ ವಿಜ್ಞಾನಿ. 1974ರಲ್ಲಿ ಮರಾಠಿ ವಿಜ್ಞಾನ ಪರಿಷತ್ತಿನ ಕಥಾಸ್ಪರ್ಧೆಗೆ ಅವರು ‘ನಾರಾಯಣ ವಿನಾಯಕ ಜಗತಾಪ’ ಎಂಬ ಹೆಸರಿನಲ್ಲಿ ಕಥೆ ಕಳಿಸಿದರು, ತಮ್ಮದೇ ಇನಿಷಿಯಲ್ಲುಗಳನ್ನು ತಿರುವಿ. ಮೊದಲ ಬಹುಮಾನ ಬಂತು. ನೀವು ಎಂಜಿನಿಯರೋ ಡಾಕ್ಟರೋ ಆಗಿದ್ದರೆ ಕಥೆಯ ಜೊತೆ ಪದವಿಯನ್ನು ಕಳಿಸಬೇಡಿ. ಆಗಿರದಿದ್ದರೆ, ಪದವಿ ಇಲ್ಲವೆಂದು ಅಂಜಿ ನಿಲ್ಲಬೇಡಿ. ಮೇಲಿನ ಲೆಕ್ಕವೆಲ್ಲ ಗುಣಾಕಾರ ಭಾಗಾಕಾರ.

ಕಳಿಸುವ ಮುಂಚೆ ಗಟ್ಟಿಯಾಗಿ ಓದಿ. ಎರಡೂವರೆ ಸಾವಿರ ಪದಕ್ಕೆ ಇಪ್ಪತ್ತು ಇಪ್ಪತ್ತೈದು ನಿಮಿಷ ಹಿಡಿಯುತ್ತದೆ, ಬಾಂದ್ರಾದಿಂದ ಬೋರಿವಲಿಗೆ ಫಾಸ್ಟ್ ಗಾಡಿ ಹಿಡಿಯುವಷ್ಟು. ಕೇಳುವವರು ಇಬ್ಬರಿರಲಿ: ವಿಜ್ಞಾನ ಓದಿದವರು ಒಬ್ಬರು, ಓದದವರು ಒಬ್ಬರು. ಮೈಸೂರು ಅಸೋಸಿಯೇಷನ್ನಿನ ಕಾರ್ಯಕ್ರಮ ಮುಗಿದ ಮೇಲೆ ಮಾಟುಂಗಾದಲ್ಲಿ ಕಾಫಿಗೆ ಕೂರುವ ಗುಂಪಿನಲ್ಲಿ ಎರಡೂ ಬಗೆಯವರು ಸಿಗುತ್ತಾರೆ. ಚೆನ್ನಾಗಿದೆಯೇ ಎಂದು ಕೇಳಬೇಡಿ, ಎಲ್ಲರೂ ಹೌದು ಎನ್ನುತ್ತಾರೆ. ವಿಜ್ಞಾನ ಓದಿದವರನ್ನು ‘ಎಲ್ಲಿ ಲೆಕ್ಕ ತಪ್ಪಿತು?’ ಎಂದು ಕೇಳಿ. ಓದದವರನ್ನು ‘ಎಲ್ಲಿ ಕಿವಿ ಬೇರೆ ಕಡೆ ಹೋಯಿತು?’ ಎಂದು ಕೇಳಿ. ಎರಡನೆಯವರು ತೋರಿಸಿದ ಜಾಗದಲ್ಲಿ ವಿವರಣೆ ಕೂತಿರುತ್ತದೆ, ನೂರಕ್ಕೆ ತೊಂಬತ್ತು ಸಲ. ಕತ್ತರಿಸಿ.

ಅವರಲ್ಲಿ ಒಬ್ಬರು ಲೋಟ ಕೆಳಗಿಟ್ಟು ‘ಅಲ್ಲ, ಹಾಗಾದರೆ ರಾತ್ರಿ ವಾಚ್‌ಮನ್‌ಗಳ ಗತಿ ಏನು?’ ಎಂದು ಕೇಳಿದರೆ ಉತ್ತರ ಹೇಳಲು ಹೋಗಬೇಡಿ. ಪ್ರಶ್ನೆಯನ್ನು ಬಿಲ್ಲಿನ ಹಿಂಭಾಗದಲ್ಲಿ ಬರೆದುಕೊಳ್ಳಿ, ಕಾಫಿಯ ದುಡ್ಡು ನೀವೇ ಕೊಡಿ.